ಲ್ಯಾಪ್‌ಟಾಪ್ ಪರದೆ ಹಳದಿಯಾಗಿದೆ, ಕಂಪನಿಯವರು ‘ಮಾಮೂಲು’ ಅಂತಾರೆ: ನಿಮ್ಮ ಅನುಭವ ಹೇಳಿ

ಕೇಳಿದವರು, ವಿರಾಜಪೇಟೆ

ಮಗಳ ಓದಿಗೆ ಅಂತ ತೆಗೆದ ಲ್ಯಾಪ್‌ಟಾಪ್, ಇನ್ನೂ ವರ್ಷ ತುಂಬಿಲ್ಲ. ಪರದೆಯ ಕೆಳಗಿನ ಅಂಚು ಹಳದಿಯಾಗಿದೆ. ಬಿಳಿ ಪುಟ ತೆರೆದರೆ ಎದ್ದು ಕಾಣುತ್ತದೆ. ಕಂಪನಿಗೆ ಫೋನ್ ಮಾಡಿದರೆ ಮೊದಲು ‘ಸೆಟ್ಟಿಂಗ್ ನೋಡಿ’ ಅಂದರು. ಆಮೇಲೆ ‘ಇದು ಮಾಮೂಲು, ದೋಷ ಅಲ್ಲ’ ಅಂದರು. ಈಗ ‘ನಿಮ್ಮ ಕಡೆ ಮಳೆ ಜಾಸ್ತಿ, ತೇವದಿಂದ ಆಗಿರಬಹುದು’ ಅಂತ ಹೊಸ ರಾಗ. ಯಾರಿಗಾದರೂ ಹೀಗಾಗಿತ್ತಾ? ಏನು ಮಾಡಿದಿರಿ?

ಮಡಿಕೇರಿಯಿಂದ, ಲೆಕ್ಕಪತ್ರದ ಕೆಲಸ ಮಾಡುವವರು

ನನಗೂ ಇದೇ ಆಗಿತ್ತು ಸರ್. ಕೊನೆಗೆ ಪ್ಯಾನೆಲ್ (ಪರದೆಯ ಭಾಗ) ಬದಲಿಸಿಕೊಟ್ಟರು. ಆದರೆ ಫೋನಿನಲ್ಲಿ ಮಾತಾಡಿ ಏನೂ ಆಗಲಿಲ್ಲ, ಎಲ್ಲಾ ಆಗಿದ್ದು ಬರವಣಿಗೆಯಿಂದ.

ಮೊದಲು ‘ಸೆಟ್ಟಿಂಗ್’ ಅನ್ನುವ ಬಾಯಿ ಮುಚ್ಚಿಸಿ. ವಿಂಡೋಸ್‌ನಲ್ಲಿ ನೈಟ್ ಲೈಟ್ ಆನ್ ಇದ್ದರೆ ಇಡೀ ಪರದೆ ಹಳದಿಯಾಗುತ್ತದೆ, ಅಂಚು ಮಾತ್ರ ಅಲ್ಲ. ಅದನ್ನು ಆಫ್ ಮಾಡಿ ನೋಡಿ. ಆಮೇಲೆ ಹಳದಿ ಕಾಣುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ. ಮೊಬೈಲಿನಲ್ಲಿ ಅಂಚು ಹಳದಿ ಇಲ್ಲ ಅಂದರೆ ಬಹುಪಾಲು ಸಾಫ್ಟ್‌ವೇರ್ ತಪ್ಪಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಯಲ್ಲೂ ನೋಡಿ. ಇನ್ನೊಂದು ಗಟ್ಟಿ ಸಾಕ್ಷಿ ಇದೆ: ಲ್ಯಾಪ್‌ಟಾಪ್ ಆನ್ ಮಾಡುವಾಗ ಬಯೋಸ್ ಪುಟಕ್ಕೆ (ಯಂತ್ರದ ಮೂಲ ಸೆಟ್ಟಿಂಗ್ ಪುಟ) ಹೋಗಿ. ಅಲ್ಲಿ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅಲ್ಲೂ ಹಳದಿ ಕಂಡರೆ ‘ಡ್ರೈವರ್ ಅಪ್‌ಡೇಟ್ ಮಾಡಿ, ಫಾರ್ಮ್ಯಾಟ್ ಮಾಡಿ’ ಅಂತ ದಿನ ದೂಡುವುದಕ್ಕೆ ಆಗುವುದಿಲ್ಲ.

ಫೋಟೋ ತೆಗೆಯುವಾಗ ಕೋಣೆಯ ದೀಪ ಆರಿಸಿ, ಪೂರ್ತಿ ಬಿಳಿ ಪುಟ ಹಾಕಿ, ನೇರ ಎದುರಿನಿಂದ ತೆಗೆಯಿರಿ. ಬದಿಯಿಂದ ತೆಗೆದರೆ ‘ನೋಡುವ ಕೋನದ ಸಮಸ್ಯೆ’ ಅಂತಾರೆ.

ಈಗ ಆ ‘ಮಾಮೂಲು’ ಅನ್ನುವ ಮಾತಿಗೆ ಬರೋಣ. ಸತ್ತ ಪಿಕ್ಸೆಲ್‌ಗೆ, ಅಂದರೆ ಪರದೆಯಲ್ಲಿ ಕೆಟ್ಟುಹೋದ ಚುಕ್ಕೆಗೆ, ಒಂದು ಲೆಕ್ಕ ಇದೆ. ಐಎಸ್‌ಒ 9241-307 ಅನ್ನುವ ಮಾನದಂಡ ಪರದೆಗಳನ್ನು ದರ್ಜೆ ಮಾಡಿ, ಯಾವ ದರ್ಜೆಯಲ್ಲಿ ಎಷ್ಟು ಕೆಟ್ಟ ಪಿಕ್ಸೆಲ್ ಇರಬಹುದು ಅಂತ ಹೇಳುತ್ತದೆ. ಬಣ್ಣ ಮಾಸಿದ್ದಕ್ಕೆ ಅಂಥ ಲೆಕ್ಕವನ್ನು ವಾರಂಟಿ ಕಾಗದದಲ್ಲಿ ಸಾಮಾನ್ಯವಾಗಿ ಹಾಕಿರುವುದಿಲ್ಲ. ಅದಕ್ಕೇ ‘ಮಿತಿಯೊಳಗೇ ಇದೆ’ ಅನ್ನುವುದು ಅವರಿಗೆ ಸುಲಭ. ನಾನು ಇಮೇಲಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ‘ಆ ಮಿತಿ ಎಷ್ಟು? ನನ್ನ ಪರದೆಯನ್ನು ಯಾವುದರಿಂದ ಅಳೆದಿರಿ? ಬರೆದು ಕೊಡಿ.’ ಉತ್ತರ ಬರಲಿಲ್ಲ, ಬಂದಿದ್ದು ಮೈಸೂರಿನಿಂದ ಎಂಜಿನಿಯರ್.

ದೂರಿನ ಸಂಖ್ಯೆ ತಪ್ಪದೆ ತೆಗೆದುಕೊಳ್ಳಿ. ‘ಕೇಸ್ ಕ್ಲೋಸ್ ಆಗಿದೆ’ ಅಂತ ಮೆಸೇಜ್ ಬಂದರೆ ಅದೇ ಇಮೇಲಿಗೆ ‘ಸಮಸ್ಯೆ ಹಾಗೇ ಇದೆ’ ಅಂತ ಮರುದಿನವೇ ಉತ್ತರ ಹಾಕಿ. ವಾರಂಟಿ ಮುಗಿಯುವ ಮೊದಲೇ ದೂರು ದಾಖಲಾಗಿದೆ ಅನ್ನುವುದಕ್ಕೆ ಅದೇ ಆಧಾರ.

ಕುಶಾಲನಗರದಿಂದ, ರಿಪೇರಿ ಅಂಗಡಿಯವರು

ಮೇಲೆ ಹೇಳಿದ್ದು ಸರಿ. ಒಳಗೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಎಲ್‌ಸಿಡಿ ಪರದೆಗೆ ತನ್ನದೇ ಬೆಳಕಿಲ್ಲ. ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ ಎಲ್‌ಇಡಿಗಳ ಸಾಲು ಇರುತ್ತದೆ. ಆ ಬೆಳಕನ್ನು ಪರದೆಯ ತುಂಬ ಹರಡಲು ಒಳಗೆ ತೆಳು ಹಾಳೆಗಳು ಇರುತ್ತವೆ, ನೀರ್ ದೋಸೆ ಒಂದರ ಮೇಲೊಂದು ಜೋಡಿಸಿದ ಹಾಗೆ. ಎಲ್‌ಇಡಿ ಹತ್ತಿರ ಬಿಸಿ ಜಾಸ್ತಿ. ಹಾಳೆ ಮಾಸಿದರೆ ಮೊದಲು ಹಳದಿಯಾಗುವುದು ಆ ಅಂಚೇ. ಗಾಜನ್ನು ಅಂಟಿಸಿದ ಪರದೆಯಾದರೆ ಒಳಗಿನ ಅಂಟೂ ಕಾರಣ ಇರಬಹುದು.

ಬಿಳಿ ಮಚ್ಚೆ ಬೇರೆ ವಿಷಯ. ಅದು ಒತ್ತಡದಿಂದ. ಬ್ಯಾಗಿನಲ್ಲಿ ಪುಸ್ತಕ ತುರುಕಿ ಬಸ್ಸಿನಲ್ಲಿ ಹೋಗುವ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಜಾಸ್ತಿ ನೋಡುತ್ತೇನೆ. ಅದಕ್ಕೆ ಕಂಪನಿಯವರು ‘ಪೆಟ್ಟು ಬಿದ್ದಿದೆ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ದೂರಿನಲ್ಲಿ ‘ಮಚ್ಚೆ’, ‘ಕಲೆ’ ಅಂತ ಬರೆಯಬೇಡಿ. ‘ಅಂಚಿನ ಉದ್ದಕ್ಕೂ ಹಳದಿ’ ಅಂತಲೇ ಬರೆಯಿರಿ.

ವಾರಂಟಿ ಇರುವವರೆಗೆ ನನ್ನಂಥವರ ಹತ್ತಿರ ಬಿಚ್ಚಿಸಲೇಬೇಡಿ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ. ವಾರಂಟಿ ಮುಗಿದವರಿಗೆ ಮಾತ್ರ ಒಂದು ಮಾತು: ಪ್ಯಾನೆಲ್ ಹಿಂದಿನ ಚೀಟಿಯಲ್ಲಿ ಅದರ ನಂಬರ್ ಇರುತ್ತದೆ, 15.6 ಇಂಚಿನ ಪರದೆಯಾದರೆ ಬಿ156, ಎನ್‌ವಿ156, ಎಲ್‌ಪಿ156 ಹೀಗೆ ಶುರುವಾಗುತ್ತದೆ. ಲ್ಯಾಪ್‌ಟಾಪ್ ಮಾಡೆಲ್ ಹೇಳಿ ಪ್ಯಾನೆಲ್ ತರಿಸಬೇಡಿ, ಈ ನಂಬರ್ ಹೇಳಿ ತರಿಸಿ. ಒಂದೇ ಮಾಡೆಲಿಗೆ ಬೇರೆ ಬೇರೆ ತಯಾರಕರ ಪ್ಯಾನೆಲ್ ಹಾಕಿರುತ್ತಾರೆ. ಕೇಬಲ್ ಸೇರುವ ಕನೆಕ್ಟರಿನಲ್ಲಿ 30 ಪಿನ್ ಇರುವ ಕಡೆ 40 ಪಿನ್ ಬಂದರೆ ದುಡ್ಡು ದಂಡ.

ಗೋಣಿಕೊಪ್ಪಲಿನಿಂದ

ತೇವದ ಮಾತು ನನಗೂ ಹೇಳಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಅದೇನು ಹೊಸತಲ್ಲ ಅಲ್ವಾ. ಆದರೆ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಎಷ್ಟು ತೇವಾಂಶದವರೆಗೆ ಬಳಸಬಹುದು ಅಂತ ಇರುತ್ತದೆ. ಉದಾಹರಣೆಗೆ ಆಪಲ್‌ನ ಮ್ಯಾಕ್‌ಬುಕ್‌ಗಳಿಗೆ 90%ವರೆಗೆ, ತೇವ ಹನಿಗಟ್ಟಬಾರದು ಅಷ್ಟೆ. ಮಳೆಗಾಲದಲ್ಲಿ ಮಡಿಕೇರಿ ಕಡೆ ಅದನ್ನೂ ದಾಟುವ ದಿನಗಳಿವೆ, ಹಾಗಾಗಿ ಆ ಅಂಕಿಯನ್ನೇ ನೆಚ್ಚಿ ಜಗಳಕ್ಕೆ ಹೋಗಬೇಡಿ. ನಾನು ಕೇಳಿದ್ದು ಇಷ್ಟೇ: ‘ನೀರಿನ ಗುರುತು ಎಲ್ಲಿದೆ, ಬಿಚ್ಚಿ ತೋರಿಸಿ, ಫೋಟೋ ಕೊಡಿ.’ ಗುರುತು ಇರಲಿಲ್ಲ. ಮಾತು ಅಲ್ಲಿಗೆ ನಿಂತಿತು.

ಒಲೆ ಪಕ್ಕ ಬಟ್ಟೆ ಒಣಗಿಸುವ ಜಾಗದಲ್ಲಿ ಮಾತ್ರ ಲ್ಯಾಪ್‌ಟಾಪ್ ಇಡಬೇಡಿ. ಬಿಸಿ, ಹೊಗೆ ಎರಡೂ ಅದಕ್ಕೆ ಆಗದು.

ಸೋಮವಾರಪೇಟೆಯಿಂದ, ಮನೆಯಿಂದಲೇ ಐಟಿ ಕೆಲಸ

ದೊಡ್ಡ ಕಂಪನಿಗಳು ಒಪ್ಪಿಕೊಳ್ಳುವುದೇ ಇಲ್ಲ ಅಂತೇನಿಲ್ಲ. ಮ್ಯಾಕ್‌ಬುಕ್ ರೆಟಿನಾ ಪರದೆಗಳ ಮೇಲಿನ ಲೇಪ ಕಲೆಕಲೆಯಾಗಿ ಎದ್ದುಬರುತ್ತಿದ್ದಾಗ ಆಪಲ್ 2015ರಿಂದ ಕೆಲವು ಮಾಡೆಲ್‌ಗಳಿಗೆ, ಕೊಂಡ ದಿನದಿಂದ 4 ವರ್ಷದವರೆಗೆ ಉಚಿತವಾಗಿ ಬದಲಿಸಿಕೊಟ್ಟಿತು. ಸಾವಿರಾರು ಜನ ಒಟ್ಟಾಗಿ ದೂರಿದ ಮೇಲೆ. ಡಂಗುರ ಹೊಡೆಯಲಿಲ್ಲ, ಕೇಳಿದವರಿಗೆ ಸಿಕ್ಕಿತು. ಹಾಗಾಗಿ ನಿಮ್ಮ ಮಾಡೆಲ್ ಹೆಸರು ಹಾಕಿ ಹುಡುಕಿ, ಇದೇ ದೂರು ಬೇರೆಯವರದ್ದೂ ಇದ್ದರೆ ಅದನ್ನು ಇಮೇಲಿಗೆ ಸೇರಿಸಿ.

ಮಡಿಕೇರಿಯಿಂದ, ವಕೀಲರು

ಕೋರ್ಟು ಅಂದರೆ ಹೆದರಬೇಡಿ ಸರ್. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಅಷ್ಟಕ್ಕೇ ದಾರಿಗೆ ಬರುವ ಕಂಪನಿಗಳಿವೆ. ಬಗೆಹರಿಯದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ಎಲ್ಲೇ ಇರಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರೂ ಕಡ್ಡಾಯ ಅಲ್ಲ. ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ಬಿಲ್, ಇಮೇಲ್, ಫೋಟೋ ಇದ್ದರೆ ಸಾಕಷ್ಟು ಆಧಾರ ಆಯಿತು. ಆದರೆ ತೀರ್ಪಿಗೆ ಸಮಯ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕೇಳಿದವರು, ವಿರಾಜಪೇಟೆ

ಎಲ್ಲರಿಗೂ ಧನ್ಯವಾದ. ಬಯೋಸ್‌ನಲ್ಲೂ ಹಳದಿ ಕಾಣುತ್ತಿದೆ. ಫೋಟೋ ಸಮೇತ ಇಮೇಲ್ ಹಾಕಿದೆ, ಎಂಜಿನಿಯರ್ ಕಳಿಸುತ್ತೇವೆ ಅಂದಿದ್ದಾರೆ. ಅವರು ಬಂದಾಗ ಏನಾದರೂ ನೋಡಿಕೊಳ್ಳಬೇಕಾ?

ಕುಶಾಲನಗರದಿಂದ, ರಿಪೇರಿ ಅಂಗಡಿಯವರು

ನೋಡಿಕೊಳ್ಳಬೇಕು ಸರ್. ಬದಲಿ ಪ್ಯಾನೆಲ್ ಹೊಸದೇ ಇರಬೇಕು ಅಂತೇನಿಲ್ಲ, ಸರಿಪಡಿಸಿದ ಹಳೆಯದನ್ನೂ ಹಾಕುತ್ತಾರೆ. ಅವರು ಟೂಲ್ ಬ್ಯಾಗ್ ಮುಚ್ಚುವ ಮೊದಲೇ ಬಿಳಿ, ಕಪ್ಪು, ಕೆಂಪು ಪುಟ ಹಾಕಿ ನೋಡಿ. ಅಂಚು ಸರಿ ಇಲ್ಲ ಅನಿಸಿದರೆ ‘ಸಮಸ್ಯೆ ಪರಿಹಾರ ಆಗಿದೆ’ ಅನ್ನುವ ಓಟಿಪಿ ಕೊಡಬೇಡಿ. ಸರ್ವಿಸ್ ಚೀಟಿಯಲ್ಲಿ ಹಳೆ ಪ್ಯಾನೆಲ್, ಹೊಸ ಪ್ಯಾನೆಲ್ ಎರಡರ ನಂಬರೂ ಬರೆಸಿಕೊಳ್ಳಿ.