ತೊಗರಿ ಹಿಡಿದಿಟ್ಟರ ಇಹ್ತಿಕಾರ್ (ರೇಟ್ ಏರಲಿ ಅಂತ ಕಾಳು ತಡೆದಿಡೋ ಪಾಪ) ಆಗತೈತೇನ್ರಿ?

ಸಿಂದಗಿ_ಎರಿಹೊಲ:
ಅಸ್ಸಲಾಮು ಅಲೈಕುಮ್. ಹನಫಿ ಪಂಥದ ಮಸಲೆ (ಧರ್ಮದ ನಿಯಮ) ಬೇಕಾಗಿತ್ತು. ಒಂದು, ಸ್ವಂತ ಹೊಲದ 40 ಕ್ವಿಂಟಲ್ ಬಿಳಿಜ್ವಾಳ. ಒಂದು ಸಲ ಬೋರಿನ ನೀರು ಬಿಟ್ಟದ್ದು ಬಿಟ್ಟರ ಎಲ್ಲಾ ಮಳೀ ಮ್ಯಾಲೆ ಬಂದದ್ದು. ಇನ್ನೊಂದು, ಸುಗ್ಗಿಯಾಗ ಎಪಿಎಂಸಿಯಿಂದ ಕೊಂಡು ಗೋದಾಮಿಗೆ ಹಾಕಿದ ತೊಗರಿ. ರೇಟ್ ಏರೋತನಕ ಇಟ್ಟರ ಎರಡೂ ಗುನಾಹ್ (ಪಾಪ) ಏನು? 40 ದಿನ ದಾಟಿದರ ಮಾತ್ರ ಗುನಾಹ್ ಅನ್ನೋ ಲೆಕ್ಕ ಖರೇನ? ಉಶ್ರ್ (ಬೆಳಿ ಮ್ಯಾಲಿನ ಕಡ್ಡಾಯ ದಾನ) ಎಷ್ಟು?

ಹಗೇವು:
ವಅಲೈಕುಮ್ ಸಲಾಮ್. ಜ್ವಾಳದ ಚಿಂತಿ ಬಿಡ್ರಿ. ಸ್ವಂತ ಹೊಲದ ಬೆಳಿ ಇಟ್ಟುಕೊಂಡರ ಅದು ಇಹ್ತಿಕಾರ್ ಅಲ್ಲ. ಆದರ ಊರಿಗೆ ಬರಗಾಲ ಬರಲಿ ಅಂತ ಕಾಯೋದು ಬ್ಯಾರೆ ಮಾತು, ಆ ನಿಯ್ಯತ್ತಿಗೆ ಗುನಾಹ್ ಐತಿ.

ತೊಗರೀದು ನಾಜೂಕು. ಊರಿನ ಪ್ಯಾಟಿಯೊಳಗ ಕೊಂಡದ್ದು, ಮಂದಿ ಉಣ್ಣೋ ಕಾಳು, ತಡೆದಿಟ್ಟರ ಊರಿಗೆ ತ್ರಾಸು: ಈ ಮೂರೂ ಕೂಡಿದರ ಮಕ್ರೂಹ್ ತಹ್ರೀಮಿ (ಹರಾಮಿಗೆ ಹತ್ತಿರದ ನಿಷೇಧ). ಸುಗ್ಗಿಯಾಗ ಮಾಲು ಸುರೀತಿರುವಾಗ ನಾಕು ಚೀಲ ಕೊಂಡಿಟ್ಟರ ಯಾರಿಗೂ ತ್ರಾಸಿಲ್ಲ. ಅದ ಮಾಲು ಪ್ಯಾಟ್ಯಾಗ ಬ್ಯಾಳಿ ಸಿಗದಾಗಲೂ ಕೀಲಿ ಹಾಕಿದ್ದರ ಹುಕುಮ್ ಬದಲಾಗತೈತಿ. 40 ದಿನದ ಮಾತು ಅಧಿಕಾರಿ ಕೈ ಹಾಕೋದಕ್ಕ ಸಂಬಂಧಪಟ್ಟದ್ದು. ತ್ರಾಸು ಕೊಟ್ಟರ ಅದಕ್ಕೂ ಮೊದಲೇ ಗುನಾಹ್ ಅಂತ ಹನಫಿ ಗ್ರಂಥ ಹಿದಾಯಾದೊಳಗೈತಿ. ಸರ್ಕಾರ ದಾಸ್ತಾನು ಮಿತಿ ಹಾಕಿದಾಗ 1955ರ ಅಗತ್ಯ ವಸ್ತು ಕಾಯ್ದೆನೂ ನೋಡಬೇಕ್ರಿ.

ಮನಿಗೆ ವರ್ಷದ ಕಾಳು ತುಂಬೋದಕ್ಕ ಅಡ್ಡಿಯಿಲ್ಲ. ಪೈಗಂಬರರೂ (ಸ) ಮನೆಯವರಿಗೆ ಒಂದು ವರ್ಷದ ಆಹಾರ ತೆಗೆದಿಡುತ್ತಿದ್ದರು, ಬುಖಾರಿ ಹದೀಸ್ ಸಂಗ್ರಹದಲ್ಲಿದೆ.

ಟಿಕೋಟಾ_ಒಣದ್ರಾಕ್ಷಿ:
ಉಶ್ರ್ ಲೆಕ್ಕ ನಾನು ಹೇಳುತ್ತೇನೆ. ಮಳೆ ಬೆಳೆಗೆ 10ನೇ ಒಂದು, ದುಡ್ಡು ಸುರಿದು ನೀರು ಹಾಯಿಸಿದ್ದಕ್ಕೆ 20ನೇ ಒಂದು. ಎರಡೂ ಸೇರಿದ್ದರೆ ಯಾವ ನೀರು ಹೆಚ್ಚೋ ಅದರದ್ದೇ ಲೆಕ್ಕ. ಒಂದು ಸಲದ ಬೋರು ನೀರಿಗೆ ರಿಯಾಯಿತಿ ಇಲ್ಲ, 4 ಕ್ವಿಂಟಲ್ ತೆಗೆಯಿರಿ. ಇಮಾಮ್ ಅಬೂ ಹನೀಫಾ ಅವರ ಪ್ರಕಾರ ಉಶ್ರ್‌ಗೆ ನಿಸಾಬ್ (ಕನಿಷ್ಠ ಮಿತಿ) ಇಲ್ಲ. 5 ವಸಖ್ (ಹಳೆಯ ಕಾಳಿನ ಅಳತೆ) ಬೇಕು ಎನ್ನುವವರ ಮಾತು ಹಿಡಿದರೂ 40 ಕ್ವಿಂಟಲ್ ಅದನ್ನು ಎಂದೋ ದಾಟಿದೆ.

ಎಲ್ಲರೂ ತಪ್ಪುವುದು ಇಲ್ಲಿ: ಬೀಜ, ಗೊಬ್ಬರ, ರಾಶಿ ಮಾಡಿದ ಕೂಲಿ ಕಳೆದು ಉಳಿದದ್ದಕ್ಕೆ ಕೊಡುತ್ತಾರೆ. ಹಾಗಲ್ಲ, ರಾಶಿಯ ಪೂರ್ತಿ ತೂಕಕ್ಕೆ. ರೇಟ್ ಬರಲಿ ಎಂದು ಮುಂದೂಡಬಾರದು; ಕೊಯ್ಲಿನ ದಿನವೇ ಅದರ ಹಕ್ಕು ಕೊಡಿ ಎಂದು ಕುರ್‌ಆನಿನ 6:141 ಹೇಳುತ್ತದೆ.

ತೊಗರಿಗೆ ಉಶ್ರ್ ಅಲ್ಲ, ವ್ಯಾಪಾರದ ಮಾಲಿನ ಜಕಾತ್ (ಕಡ್ಡಾಯ ದಾನ). ಚಾಂದ್ರ ವರ್ಷ ತುಂಬಿದ ದಿನದ ಪೇಟೆ ಬೆಲೆಗೆ 2.5 ಶೇಕಡಾ, ಕೊಂಡ ರೇಟಿಗಲ್ಲ.

ಸಿಂದಗಿ_ಎರಿಹೊಲ:
ಜಜಾಕಲ್ಲಾ. ಆ 4 ಕ್ವಿಂಟಲ್ ಮಸೀದಿ ಕಟ್ಟಡಕ್ಕ ಕೊಡಬಹುದೇನ್ರಿ?

ಹಗೇವು:
ಇಲ್ರಿ. ಬಡವರ ಕೈಗೇ ಮುಟ್ಟಿಸಿ ಮಾಲಕರನ್ನ ಮಾಡಬೇಕು. ತಂದಿ-ತಾಯಿ, ಮಕ್ಕಳು, ಹೆಂಡತಿಗೆ ನಡೆಯೂದಿಲ್ಲ. ಬಡವ ಅಣ್ಣ-ತಮ್ಮಗ ನಡೀತೈತಿ. ಮುಸ್ಲಿಮರಲ್ಲದ ನೆರೆಯವರಿಗೆ ಇದರಾಗ ಬ್ಯಾಡ, ಬ್ಯಾರೆ ಸದಖಾದಾಗ (ಮನಸ್ಸಿನಿಂದ ಕೊಡೋ ದಾನ) ಧಾರಾಳ ಕೊಡ್ರಿ. ಕಾಳಿನ ಬದಲಿ ರೊಕ್ಕನೂ ಆಗತೈತಿ. ಕಾಳೇ ಕೊಡೋದಾದರ ತಳದ ಮುಗ್ಗಿದ ಜ್ವಾಳ ಬ್ಯಾಡ. ನೀವೇ ಕಣ್ಣು ಮುಚ್ಚದ ತಗೊಳ್ಳದಂಥಾದ್ದನ್ನ ಕೊಡಬ್ಯಾಡ್ರಿ ಅಂತ 2:267ರಾಗೈತಿ.