ಪದಚರ್ಚೆ: ತಂತಿಯೇ ಇಲ್ಲದ ಕಡೆ ‘ಸಂಪರ್ಕ ಕಡಿತ’ ಅನ್ನಬಹುದೇ?

ಬಳಗದ ಎಲ್ಲರಿಗೂ ಪುಣೆಯಿಂದ ನಮಸ್ಕಾರ.

ನಮ್ಮ ಪಕ್ಕದ ಮನೆಯ ಧಾರವಾಡದ ಕಾಕಾ, ಕಾಕು ಈ ಚಳಿಗಾಲಕ್ಕೆ ಮ್ಯಾಂಚೆಸ್ಟರ್‌ನ ಮಗಳ ಮನೆಗೆ ಹೊರಟಿದ್ದಾರೆ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಇವರಿಬ್ಬರೇ. ಅಲ್ಲಿ ಮನೆ ಬಿಸಿ ಮಾಡುವ ಸಾಧನ ಕೈಕೊಟ್ಟರೆ ಏನು ನೋಡಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ಕಾಕುಗೆ ಇಂಗ್ಲಿಷ್ ಬರುವುದಿಲ್ಲ. ಹೊರಗೆ ಕೊರೆಯುವ ಚಳಿ ಇರುವಾಗ ಓದುವ ಹಾಳೆ ಇದು. ಪದ ದಾರಿ ತಪ್ಪಿಸಬಾರದು.

ಸಾಧನ ಹೀಗಿದೆ. ಕೋಣೆಯಲ್ಲಿ ಬ್ಯಾಟರಿ ಹಾಕಿದ ಥರ್ಮೋಸ್ಟಾಟ್, ಅಂದರೆ ಕೋಣೆಯ ಬಿಸಿ ಎಷ್ಟಿದೆ ಅಂತ ನೋಡಿಕೊಳ್ಳುವ ಪುಟ್ಟ ಸಾಧನ. ಮನೆ ಬೆಚ್ಚಗಿಡಲು ನೀರು ಕಾಯಿಸುವ ಬಾಯ್ಲರ್ ಪಕ್ಕದಲ್ಲಿ, ಅದರ ಮಾತು ಕೇಳಿಸಿಕೊಳ್ಳುವ ರಿಸೀವರ್. ಕೋಣೆ ತಣ್ಣಗಾದರೆ ಥರ್ಮೋಸ್ಟಾಟ್ ರೇಡಿಯೋ ತರಂಗದಲ್ಲಿ ಹೇಳಿಕಳಿಸುತ್ತದೆ, ರಿಸೀವರ್ ಬಾಯ್ಲರ್ ಹೊತ್ತಿಸುತ್ತದೆ. ಯುರೋಪಿನಲ್ಲಿ ಇದಕ್ಕೆ ಹೆಚ್ಚಾಗಿ 868 ಮೆಗಾಹರ್ಟ್ಸ್ ಆಸುಪಾಸಿನ ತರಂಗ ಬಳಸುತ್ತಾರೆ. ನಡುವೆ ತಂತಿ ಇಲ್ಲ.

ಈ ಮಾತು ತಲುಪದೇ ಹೋದಾಗ ಏನನ್ನಬೇಕು? ಮೊದಲು ಹೊಳೆಯುವುದು ‘ಸಂಪರ್ಕ ಕಡಿತ’. ಆದರೆ ನಮ್ಮ ಕಿವಿಗೆ ಅದು ಬಿಲ್ ಕಟ್ಟದೆ ಕರೆಂಟ್ ತೆಗೆದ ಸುದ್ದಿ, ಅಲ್ವಾ? ಕಾಕಾ ಅದನ್ನು ಓದಿ ಸ್ವಿಚ್ ಬೋರ್ಡು, ತಂತಿ ಹುಡುಕುತ್ತಾರೆ. ‘ನೆಟ್‌ವರ್ಕ್ ಇಲ್ಲ’ ಅಂದರೆ ಮನಸ್ಸು ಇಂಟರ್ನೆಟ್ ಕಡೆ ಹೋಗುತ್ತದೆ. ಅದು ಬೇರೆಯೇ ತೊಂದರೆ. ವೈಫೈ ಹೋದರೆ ಮಗಳ ಫೋನಿನ ಆ್ಯಪ್ ಕೆಲಸ ಮಾಡದಿರಬಹುದು, ಆದರೂ ಸಾಮಾನ್ಯವಾಗಿ ಥರ್ಮೋಸ್ಟಾಟ್ ತನ್ನ ಪಾಡಿಗೆ ಮನೆ ಬೆಚ್ಚಗಿಡುತ್ತದೆ. ಇವೆರಡಕ್ಕೂ ಒಂದೇ ಪದ ಬಳಸಿದರೆ ಕಾಕಾ ಸುಮ್ನೆ ರೌಟರ್ ಆಫ್ ಮಾಡಿ ಆನ್ ಮಾಡುತ್ತಾ ಕೂರುತ್ತಾರೆ. ಇಲ್ಲಿ ಪುಣೆಯಲ್ಲಿ ಮರಾಠಿಯವರು ‘ರೇಂಜ್ ನಾಹಿ’ ಅನ್ನುತ್ತಾರೆ, ಅವರ ಜೊತೆ ಸೇರಿ ನಾವೂ ‘ರೇಂಜ್ ಇಲ್ಲ’ ಅನ್ನುತ್ತೇವೆ. ದೂರ ಜಾಸ್ತಿಯಾದದ್ದಕ್ಕೆ ಅದು ಒಪ್ಪುತ್ತದೆ. ಬ್ಯಾಟರಿ ಮುಗಿದದ್ದಕ್ಕೆ ಒಪ್ಪುವುದಿಲ್ಲ.

ನನಗೆ ಸರಿ ಅನ್ನಿಸಿದ್ದು ‘ಕೇಳಿಸುತ್ತಿಲ್ಲ’ ಮತ್ತು ‘ಗುರುತು ಸಿಗುತ್ತಿಲ್ಲ’ ಅನ್ನುವ ಜೋಡಿ. ಇವನ್ನು ಬೇರೆ ಮಾಡಲು ಸುಲಭದ ಪರೀಕ್ಷೆ ಇದೆ. ಮೊದಲು ಹೊಸ ಬ್ಯಾಟರಿ ಹಾಕಬೇಕು. ಆಮೇಲೆ ಥರ್ಮೋಸ್ಟಾಟನ್ನು ಗೋಡೆಯಿಂದ ತೆಗೆದು ರಿಸೀವರ್ ಇರುವ ಕೋಣೆಗೆ ಒಯ್ಯಬೇಕು. ಅಲ್ಲಿ ಕೆಲಸ ಮಾಡಿದರೆ ಅದು ‘ಕೇಳಿಸುತ್ತಿಲ್ಲ’ದ ತೊಂದರೆ: ದಪ್ಪ ಕಲ್ಲಿನ ಗೋಡೆ, ದೊಡ್ಡ ಕನ್ನಡಿ, ಫ್ರಿಜ್, ಗೋಡೆಯೊಳಗಿನ ಲೋಹದ ಹಾಳೆ, ಯಾವುದೋ ಒಂದು ಅಡ್ಡ ನಿಂತಿದೆ. ಹತ್ತಿರ ತಂದರೂ ಸುಮ್ಮನಿದ್ದರೆ ಒಂದಕ್ಕೊಂದು ಗುರುತು ತಪ್ಪಿರಬಹುದು. ಆಗ ಕೈಪಿಡಿ ನೋಡಿ ಎರಡನ್ನೂ ಮತ್ತೆ ಪರಿಚಯ ಮಾಡಿಸಬೇಕು. ‘ಪೇರಿಂಗ್’ಗೆ ‘ಜೋಡಿಸು’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಜೋಡಿಸು ಅಂದರೆ ತಿರುಪು, ತಂತಿಯ ಕೆಲಸ ಅನ್ನಿಸುತ್ತದೆ. ಇಲ್ಲಿ ಆಗುವುದು ಇಷ್ಟೇ: ಈ ಥರ್ಮೋಸ್ಟಾಟಿನ ಮಾತನ್ನೇ ಕೇಳು, ಪಕ್ಕದ ಮನೆಯದ್ದನ್ನಲ್ಲ ಅಂತ ರಿಸೀವರ್‌ಗೆ ಕಲಿಸುವುದು. ಅದಕ್ಕೇ ‘ಗುರುತು ಮಾಡಿಸು’ ಅಂತ ಬರೆದಿದ್ದೇನೆ.

ನಿಮ್ಮನ್ನು ಕೇಳಬೇಕಾದದ್ದು ‘ಅಡ್ಡಿ’ಯ ಬಗ್ಗೆ. ಗೋಡೆ ತರಂಗವನ್ನು ತಡೆಯುವುದು ಒಂದು. ಅದೇ ಆಸುಪಾಸಿನ ತರಂಗ ಬಳಸುವ ಬೇರೆ ಸಾಧನ, ಉದಾಹರಣೆಗೆ ಟಿವಿಗೆ ಹಾಕುವ ಕೆಲವು ತಂತಿಯಿಲ್ಲದ ಹೆಡ್‌ಫೋನ್, ನಡುವೆ ಬಾಯಿ ಹಾಕುವುದು ಇನ್ನೊಂದು. ಮೊದಲನೆಯದಕ್ಕೆ ‘ತಡೆ’, ಎರಡನೆಯದಕ್ಕೆ ‘ಗದ್ದಲ’ ಅಂದುಕೊಂಡಿದ್ದೇನೆ. ಶಬ್ದವೇ ಕೇಳದ ಕಡೆ ಗದ್ದಲ ಅಂದರೆ ಓದುವವರಿಗೆ ಗೊಂದಲವೇ? ‘ಕಲಬೆರಕೆ’ ಇನ್ನೂ ಹತ್ತಿರವೇ? ಮಂಗಳೂರು, ಮೈಸೂರು ಕಡೆಯ ಎಲೆಕ್ಟ್ರಿಷಿಯನ್‌ಗಳು, ಕೇಬಲ್ ಟಿವಿಯವರು ಇದಕ್ಕೆ ಏನನ್ನುತ್ತಾರೆ ಅಂತ ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ. ಕಾಕಾ, ಕಾಕು ಹೊರಡುವ ಮೊದಲು ಹಾಳೆಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಕೊಡಬೇಕು.