'ಕತ್ತರಿ ಹಾಕು' ಅಂದರೆ ಸಾಕಾ? ಸೆನ್ಸಾರ್ ಆದ ಕಾರ್ಟೂನಿಗೊಂದು ಪದ

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಜಪಾನಿನ 'ಒನ್ ಪೀಸ್' ಕಾರ್ಟೂನಿಗೆ ಅಮೆರಿಕದಲ್ಲಾದ ಮೊದಲ ಇಂಗ್ಲಿಷ್ ಡಬ್ಬಿಂಗ್ ಬಗ್ಗೆ ಪುಟ್ಟದೊಂದು ಬರಹ ಬರೆಯುತ್ತಿದ್ದೆ. "ಅಮೆರಿಕದ ಕಂಪನಿ ಇದಕ್ಕೆ ಸಿಕ್ಕಾಪಟ್ಟೆ ಕತ್ತರಿ ಹಾಕಿತು" ಅಂತ ಒಂದು ಸಾಲು. ಅಕ್ಕನ ಮಗ ಓದಿ, "ಕತ್ತರಿ ಎಲ್ಲಿ ಹಾಕಿದ್ರು ಮಾಮ? ಸಿಗರೇಟ್ ಇದ್ದ ಕಡೆ ಲಾಲಿಪಾಪ್ ಬರೆದಿದ್ದಾರೆ" ಅಂದ. ಹುಡುಗ ಹೇಳಿದ್ದು ಸರಿ. ಅಲ್ಲಿಂದ ಸಾಲು ಮುಂದೆ ಹೋಗಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಎಯಿಚಿರೊ ಓಡಾ 1997ರಲ್ಲಿ ಶುರು ಮಾಡಿದ ಚಿತ್ರಕಥೆ ಇದು. ರಬ್ಬರಿನಂತೆ ಮೈ ಹಿಗ್ಗುವ ಹುಡುಗನೊಬ್ಬ ಕಡಲುಗಳ್ಳರ ರಾಜ ಆಗಲು ಹೊರಡುತ್ತಾನೆ. 1999ರಲ್ಲಿ ಟಿವಿಗೆ ಬಂತು. 2004ರ ಸೆಪ್ಟೆಂಬರಿನಲ್ಲಿ ಫೋರ್‌ಕಿಡ್ಸ್ ಎಂಬ ಕಂಪನಿ ಇಂಗ್ಲಿಷಿನ ದನಿ ಕೊಟ್ಟು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಶನಿವಾರ ಬೆಳಗ್ಗೆ ಪುಟ್ಟ ಮಕ್ಕಳು ನೋಡುವ ಹೊತ್ತಿಗೆ.

ಕತ್ತರಿ ಕೆಲಸವೂ ನಡೆದಿತ್ತು ಅನ್ನಿ. ಜಪಾನಿನ 143 ಕಂತು ಅಮೆರಿಕದಲ್ಲಿ 104 ಆಯಿತು. ಲಬೂನ್ ಎಂಬ ತಿಮಿಂಗಿಲದ ಕಥೆಯನ್ನು ಪೂರ್ತಿ ಹಾರಿಸಿಬಿಟ್ಟರು. ಮುಂದೆ ಅದೇ ತಿಮಿಂಗಿಲ ಯಾರಿಗಾಗಿ ಕಾಯುತ್ತಿತ್ತೋ ಅವರಲ್ಲೊಂದು ಪಾತ್ರ ಹಡಗು ಹತ್ತುತ್ತದೆ ಅನ್ನುವುದು ಆಮೇಲಿನ ಮಾತು. ಇಷ್ಟಕ್ಕೆ 'ಕತ್ತರಿ ಹಾಕು' ಸರಿಯಾಗಿ ಕೂರುತ್ತದೆ.

ತೊಂದರೆ ಇರುವುದು ಉಳಿದದ್ದರಲ್ಲಿ. ಅಡುಗೆಯವ ಸಾಂಜಿಯ ಬಾಯಲ್ಲಿ ಸಿಗರೇಟ್ ಹೋಗಿ ಲಾಲಿಪಾಪ್ ಬಂತು. ತಲೆಗೆ ಗುರಿಯಿಟ್ಟ ಪಿಸ್ತೂಲು ಸ್ಪ್ರಿಂಗಿನ ಸುತ್ತಿಗೆ ಆಯಿತು. ಸ್ಮೋಕರ್ ಎಂಬ ನೌಕಾಪಡೆಯ ಅಧಿಕಾರಿಯ ಹೆಸರೇ ಚೇಸರ್ ಆಯಿತು, ಅವನ ಬಾಯಲ್ಲಿದ್ದ ಚುಟ್ಟಾ ಅಳಿಸಿಹೋಯಿತು. ಆದರೆ ಅವನ ಶಕ್ತಿ ಇರುವುದೇ ಹೊಗೆಯಲ್ಲಿ, ಅದನ್ನು ಅಳಿಸಲಾಗಲಿಲ್ಲ. ಬೆಂಕಿ ಇಲ್ಲದೆ ಹೊಗೆಯಾಡೋದಿಲ್ಲ ಅನ್ನುವ ಗಾದೆ ಅಮೆರಿಕದಲ್ಲಿ ಸುಳ್ಳಾಯಿತು!

ಎಲ್ಲಕ್ಕಿಂತ ವಿಚಿತ್ರ ಕುಯಿನಾಳದು. ಕತ್ತಿವರಸೆಯವ ಝೋರೋನ ಬಾಲ್ಯದ ಗೆಳತಿ. ಮೂಲದಲ್ಲಿ ಮೆಟ್ಟಿಲಿನಿಂದ ಬಿದ್ದು ಸಾಯುತ್ತಾಳೆ. ಮಕ್ಕಳಿಗೆ ಸಾವು ತೋರಿಸಬಾರದಲ್ಲ, ಹಾಗಾಗಿ ಡಬ್ಬಿಂಗಿನಲ್ಲಿ ಹೊಟ್ಟೆಕಿಚ್ಚಿನ ಕತ್ತಿವರಸೆಗಾರರು ಗುಂಪುಗೂಡಿ ಅವಳನ್ನು ಹೊಡೆಯುತ್ತಾರೆ, ಅವಳು ಇನ್ನೆಂದೂ ಕತ್ತಿ ಹಿಡಿಯದ ಹಾಗೆ. ಸಾವು ಮರೆಯಾಯಿತು, ಹೊಡೆದಾಟ ಹೊಸದಾಗಿ ಸೇರಿತು. ಇದಕ್ಕೆ ಯಾವ ಕತ್ತರಿ ಅನ್ನೋಣ?

ಇನ್ನೊಂದು ಉದಾಹರಣೆ ನಿಮ್ಮಂಥ ಪದದ ಹುಚ್ಚಿನವರಿಗೆ ಇಷ್ಟವಾಗಬಹುದು. ಕಟ್ಟಿಹಾಕಿದ ಝೋರೋನಿಗೆ ಒಂದು ಪುಟ್ಟ ಹುಡುಗಿ ಒನಿಗಿರಿ ತಂದುಕೊಡುತ್ತಾಳೆ. ಅನ್ನವನ್ನು ಅಂಗೈಯಲ್ಲಿ ಒತ್ತಿ ಮಾಡಿದ ಉಂಡೆ ಅದು. ಡಬ್ಬಿಂಗಿನಲ್ಲಿ ಅದು ಕುಕೀ, ಅಂದರೆ ಬಿಸ್ಕತ್ತು. ಆದರೆ ಝೋರೋನ ಮೂರು ಕತ್ತಿಯ ಪಟ್ಟಿನ ಹೆಸರೂ ಒನಿಗಿರಿ. ಬರೆಯುವ ಅಕ್ಷರ ಬೇರೆ, ಅರ್ಥ 'ರಾಕ್ಷಸನನ್ನು ಕಡಿಯುವುದು'. ಕೇಳಲು ಎರಡೂ ಒಂದೇ. ಅನ್ನ ಬಿಸ್ಕತ್ತಾದ ಮೇಲೆ ಈ ಶ್ಲೇಷೆಗೆ ಜಾಗ ಎಲ್ಲಿ?

ಕನ್ನಡಕ್ಕಾದರೆ ಅನ್ನವನ್ನು ಮುಟ್ಟುವ ಅಗತ್ಯವೇ ಇರಲಿಲ್ಲ ಅಂತ ನನಗನಿಸುತ್ತದೆ. ನಮ್ಮಲ್ಲಿ ಕೈತುತ್ತು ಇದೆಯಲ್ಲ. ಜೊತೆಗೆ 'ತುತ್ತಾಗು' ಅಂದರೆ ಬಲಿಯಾಗು. ಹುಡುಗಿ ತಂದದ್ದು ಕೈತುತ್ತು, ಝೋರೋನ ಪಟ್ಟು ಕತ್ತಿತುತ್ತು. ರಾಕ್ಷಸ ತಪ್ಪಿಹೋದ, ನಿಜ. ಆದರೆ ಅನ್ನವೂ ಉಳಿಯಿತು, ಕತ್ತಿಯೂ ಉಳಿಯಿತು. ಸುಮ್ನೆ ಹೇಳಿದೆ, ಇನ್ನೂ ಚೆನ್ನಾಗಿರುವುದು ಹೊಳೆದರೆ ಬರೆಯಿರಿ.

ಈಗ ಪದಕ್ಕೆ ಬರೋಣ. 'ಸೆನ್ಸಾರ್ ಮಾಡಿದ' ಅಂತ ಬರೆದರೆ ನಮ್ಮಲ್ಲಿ ಎಡವಟ್ಟು. ಗಾಂಧಿನಗರದಲ್ಲಿ "ಪಿಕ್ಚರ್ ಸೆನ್ಸಾರ್ ಆಯ್ತು" ಅಂದರೆ ಸರ್ಟಿಫಿಕೇಟ್ ಸಿಕ್ಕಿತು, ಸಿಹಿ ಹಂಚಬಹುದು ಅಂತ. ಈ ಕಾರ್ಟೂನಿನಲ್ಲಿ ಸರ್ಕಾರದ ಮಂಡಳಿ ಕಥೆ ತಿದ್ದಿಲ್ಲ, ದನಿ ಕೊಟ್ಟ ಕಂಪನಿಯೇ ತಿದ್ದಿದ್ದು. 'ಪರಿಷ್ಕೃತ' ಅಂದರೆ ಪಠ್ಯಪುಸ್ತಕದ ವಾಸನೆ. ಮೇಲಾಗಿ ಅದರಲ್ಲಿ 'ಮೊದಲಿಗಿಂತ ಉತ್ತಮ' ಅನ್ನುವ ಹೊಗಳಿಕೆ ಅಡಗಿದೆ.

'ತೇಪೆ' ಅಂತ ಯೋಚಿಸಿದೆ. ಆದರೆ ತೇಪೆ ಹಾಕುವುದು ಹರಿದ ಬಟ್ಟೆಗೆ. ಇವರು ಚೆನ್ನಾಗಿದ್ದ ಬಟ್ಟೆಯನ್ನು ತಾವೇ ಹರಿದು ಆಮೇಲೆ ತೇಪೆ ಹಾಕಿದ್ದಾರೆ. 'ಮಡಿ ಮಾಡಿದ ಆವೃತ್ತಿ' ಅನ್ನುವುದು ಕಿವಿಗೆ ಮಜವಾಗಿದೆ, ವ್ಯಂಗ್ಯವೂ ಇದೆ. ಆದರೆ ಮಡಿ ಅಂದ ಕೂಡಲೇ ಮೈಲಿಗೆ ಬರುತ್ತದೆ, ಅದರ ಹಿಂದೆ ಜಾತಿಯೂ ಬರುತ್ತದೆ. ಕಾರ್ಟೂನಿನ ವಿಷಯದಲ್ಲಿ ಅದೆಲ್ಲ ಯಾಕೆ ಅಂತ ಕೈಬಿಟ್ಟೆ.

ಸದ್ಯ ನನ್ನ ಮನಸ್ಸು ನಿಂತಿರುವುದು 'ಪಥ್ಯ'ದ ಮೇಲೆ. ಪಥ್ಯದಲ್ಲಿ ಬರೀ ತೆಗೆಯುವುದಿಲ್ಲ. ಖಾರದ ಸಾರು ತೆಗೆದು ಅದರ ಜಾಗಕ್ಕೆ ಗಂಜಿ ಬರುತ್ತದೆ. ಉಣ್ಣುವವರನ್ನು ಕೇಳದೆ, ಅವರ ಒಳ್ಳೆಯದಕ್ಕೇ ಅಂತ ಬೇರೆಯವರು ತೀರ್ಮಾನಿಸುತ್ತಾರೆ. ಕಾಯಿಲೆಯೇ ಇಲ್ಲದ ಮಕ್ಕಳಿಗೆ ಗಂಜಿ ಕುಡಿಸಿದ ಹಾಗಿದೆ ಈ ಡಬ್ಬಿಂಗ್. 'ಪಥ್ಯದ ಡಬ್ಬಿಂಗ್' ಹೇಗಿದೆ? 2007ರಲ್ಲಿ ಹಕ್ಕು ಫನಿಮೇಷನ್ ಕಂಪನಿಗೆ ಹೋಗಿ, ಮೊದಲಿನಿಂದ ಹೊಸದಾಗಿ ಡಬ್ ಆಯಿತು. ಸಿಗರೇಟೂ ವಾಪಸ್ ಬಂತು. ಅದನ್ನು 'ಪಥ್ಯ ಬಿಟ್ಟ ಡಬ್ಬಿಂಗ್' ಅನ್ನಬಹುದು, ಅಲ್ವಾ?

ನಮ್ಮಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಅನ್ನುವುದರಲ್ಲೇ ವರ್ಷಗಟ್ಟಲೆ ಕಳೆದವು. ಅದನ್ನು ತಡೆಯುವುದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಆ ಜಗಳದಲ್ಲಿ 'ಕಂಠದಾನ'ದಂಥ ಪದಗಳು ಓಡಾಡಿದವು. ಡಬ್ ಮಾಡುವಾಗ ಕಥೆಯನ್ನೇ ಬದಲಿಸುವುದಕ್ಕೆ ಪದ ಬೇಕಾದೀತು ಅಂತ ಯಾರಿಗೆ ಹೊಳೆಯಬೇಕು?

ಕೊನೆಗೆ ಒಂದು ಬಳಕೆಯ ಪ್ರಶ್ನೆ. ನಮ್ಮ ಮನೆಯಲ್ಲಿ ತಾನೇ ಪಥ್ಯದಲ್ಲಿರುವುದಕ್ಕೆ 'ಪಥ್ಯ ಮಾಡು' ಅನ್ನುತ್ತೇವೆ. ಇನ್ನೊಬ್ಬರನ್ನು ಪಥ್ಯದಲ್ಲಿ ಇಡುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? 'ಪಥ್ಯ ಮಾಡಿಸು' ಅಂತಲೋ, 'ಪಥ್ಯಕ್ಕೆ ಹಾಕು' ಅಂತಲೋ? ಬಾಣಂತನ ಮಾಡಿಸಿದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ. ನನ್ನ ಸಾಲಿಗೆ ಬೇಕಾಗಿರುವುದು ಆ ಕ್ರಿಯಾಪದವೇ.